ಫ್ರಿಜ್ ಬಾಗಿಲಿನ ಏಳು ಹಕ್ಕಿಗಳು

ಜನವರಿ 9

ಅಕ್ಕಾ,

ಬಹುಪರಾಕ್! ನಿನ್ನ ಸೇನಾಪತಿ ಬಾಗಿಲಲ್ಲಿ ನಿಂತಿದ್ದಾನೆ, ಅಗುಳಿ ತೆಗೆ!

ಎರಡು ತಿಂಗಳಾಯಿತು. ಒಂದು ಕಾಗದವಿಲ್ಲ, ಒಂದು ಪೊಟ್ಟಣವಿಲ್ಲ. ಬೀದಿಯ ತಿರುವಿನಲ್ಲಿ ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಸಾಕು, ರಂಗಕ್ಕೆ ನುಗ್ಗುವ ರಭಸದಲ್ಲಿ ಮೆಟ್ಟಿಲಿಳಿದು ಹೋಗಿ ಅವನ ಎದುರು ನಿಲ್ಲುತ್ತೇನೆ. "ಇವತ್ತೂ ಇಲ್ಲ ಯಜಮಾನ್ರೇ, ನನ್ ಮೇಲೆ ಕತ್ತಿ ಎತ್ತಬೇಡಿ" ಅನ್ನುತ್ತಾನೆ. ನೋಡು, ನಿನ್ನಿಂದಾಗಿ ಬಡಪಾಯಿ ಅಂಚೆಯವನು ನನಗೆ ಹೆದರುವ ಹಾಗಾಗಿದೆ.

ಮೂಲೆಯ ಉಡುಗೊರೆ ಅಂಗಡಿಯಮ್ಮ ಹೊಸ ಉಪಾಯ ಮಾಡಿದ್ದಾಳೆ. ಮನೆಯ ಕೆಟ್ಟುಹೋದ ಫ್ರಿಜ್ಜಿನ ಬಾಗಿಲನ್ನು ಕಳಚಿ ತಂದು, ಅಂಗಡಿಯ ಗೋಡೆಗೆ ಒರಗಿಸಿ, ನಮ್ಮ ಮ್ಯಾಗ್ನೆಟ್‌ಗಳನ್ನೆಲ್ಲ ಅದಕ್ಕೆ ಅಂಟಿಸಿದ್ದಾಳೆ. ನಿನ್ನ ಕೆಟಲ್, ನಿನ್ನ ಕಪ್ಪು ಬೆಕ್ಕು, ಅರ್ಧ ಸಿಪ್ಪೆ ಸುಲಿದ ಕಿತ್ತಳೆ, ಎಲ್ಲವೂ ದೀಪದ ಕೆಳಗೆ ಸಭೆ ಸೇರಿವೆ. ನಡುವೆ ಜಾಗ ಖಾಲಿ ಬಿಟ್ಟು, "ಇಲ್ಲಿಗೆ ಹಕ್ಕಿ ಬೇಕು, ಏಳು ಹಕ್ಕಿ" ಎಂದಿದ್ದಾಳೆ. ನಾನು ಎದೆ ತಟ್ಟಿ ಘೋಷಿಸಿ ಬಂದೆ: "ತಾಯೀ, ಬರುತ್ತವೆ! ಆದರೆ ನನ್ನ ಅಕ್ಕನದಲ್ಲದೆ ಬೇರೆ ಯಾರ ಕೈಕೆಲಸವೂ ಈ ಬಾಗಿಲು ಹತ್ತಕೂಡದು!" ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಗಬೇಡ. ಆ ಬಾಗಿಲ ಮುಂದೆ ನಿಂತಾಗ ಮೂರು ವರ್ಷದ ಹಿಂದಿನ ದಿನ ನೆನಪಾಯಿತು. ನಮ್ಮ ನಾಟಕ ಕಂಪನಿ ಮುಚ್ಚಿತ್ತು. ನಲವತ್ತು ವರ್ಷ ಹೊಲಿದ ಉಡುಪು, ಹೂಂಕರಿಸಿದ ಮಾತು, ಎಲ್ಲವನ್ನೂ ಟ್ರಂಕಿಗೆ ತುಂಬಿ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ನೀನು ಬಂದು ಮಂಚದ ತುದಿಯಲ್ಲಿ ಕೂತೆ. "ಏಳೋ. ಸತ್ತ ಪಾತ್ರದವನು ತೆರೆ ಬಿದ್ದ ಮೇಲಾದ್ರೂ ಏಳಬೇಕು" ಎಂದೆ. ಫೆಲ್ಟ್ ಬಟ್ಟೆ, ಗೋಂದು, ಒಂದು ಡಬ್ಬಿ ಮ್ಯಾಗ್ನೆಟ್ ನನ್ನ ಮಡಿಲಿಗೆ ಹಾಕಿದೆ. "ನಾನು ಕ್ರಾಸ್ ಸ್ಟಿಚ್ ಹಾಕಿ ಕಳಿಸ್ತೀನಿ. ನೀನು ಹಿಂದೆ ಫೆಲ್ಟ್, ಮ್ಯಾಗ್ನೆಟ್ ಅಂಟಿಸಿ ಬೆನ್ನು ಕಟ್ಟು." ಅಷ್ಟೇ. ಅಂದಿನಿಂದ ನಾನು ಎದ್ದು ಕೂತಿದ್ದೇನೆ.

ಅಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕಲಿಸಿದ್ದು ನೆನಪಿದೆಯಾ? "ಕೆಳಗಿನ ಎಳೆ ಬಲಕ್ಕೆ ವಾಲಲಿ, ಮೇಲಿನ ಎಳೆ ಎಡಕ್ಕೆ. ಸಾವಿರ ಹೊಲಿಗೆ ಇದ್ರೂ ಮೇಲಿಂದು ಎಡಕ್ಕೇ." ಈಗ ಆ ಪಾಠ ಉಳಿದಿರುವುದು ನಿನ್ನ ಕೈಯಲ್ಲಿ, ನನ್ನ ಕೈಯಲ್ಲಿ. ಆದ್ದರಿಂದ, ಮಹಾರಾಣೀ, ಹಕ್ಕಿಗಳು ಹಾರಿ ಬರಲಿ!

ನಿನ್ನ ತಮ್ಮ


ಫೆಬ್ರವರಿ 2

ತಮ್ಮಾ,

ಅಕ್ಷರ ನೋಡಿ ಗಾಬರಿಯಾಗಬೇಡ. ಇದು ಸೊಸೆಯ ಕೈಬರಹ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಕನ್ನಡಕ ಬಿದ್ದು ಒಡೆಯಿತು. ಹೊಸದು ಮಾಡಿಸಲು ಮಗನಿಗೆ ಬಿಡುವಾಗಬೇಕಲ್ಲ.

ಕಾಗದ ಬರೆಯಲು ತಡವಾಗಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಚಳಿ ಜಾಸ್ತಿ, ಸೋಮಾರಿತನ ಅದಕ್ಕಿಂತ ಜಾಸ್ತಿ.

ಒಂದು ಗುಬ್ಬಿ ಕಳಿಸಿದ್ದೇನೆ. ಒಂದೇ. ಹಿಂದೆ ವಾರಕ್ಕೆರಡು ಕಳಿಸುತ್ತಿದ್ದೆ ಎಂದು ನೀನು ಲೆಕ್ಕ ತೆಗೆಯುತ್ತೀಯ, ಗೊತ್ತು. ಇದಕ್ಕೆ ಹತ್ತೊಂಬತ್ತು ದಿನ ಬೇಕಾಯಿತು. ಯಾಕೆಂದು ಕೇಳಬೇಡ. ಹೇಗಿದೆ ಎಂದು ಮಾತ್ರ ಹೇಳು. ನನ್ನ ಸಮಾಧಾನಕ್ಕೆ ಹೇಳಬೇಡ, ಇದ್ದದ್ದು ಹೇಳು. ಕೆಟ್ಟಿದ್ದರೆ ಕೆಟ್ಟಿದೆ ಅನ್ನು. ಇನ್ನೊಂದು ಮಾಡಲೋ ಬೇಡವೋ ಅನ್ನುವುದು ನಿನ್ನ ಮಾತಿನ ಮೇಲಿದೆ.

(ಮಾವ, ಇದು ನಾನು. ಅತ್ತೆ ನೀರು ಕುಡಿಯಲು ಹೋಗಿದ್ದಾರೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.)

ಅಕ್ಕ


ಫೆಬ್ರವರಿ 8

ಅಕ್ಕಾ!

ಭಲೆ! ಭಲೆ! ಭಲೆ ಭಲೆ!

ಗುಬ್ಬಿಯೇ ಅದು? ಅಲ್ಲ, ಗುಬ್ಬಿಗಳ ಚಕ್ರವರ್ತಿ! ಪೊಟ್ಟಣ ಬಿಚ್ಚಿದೊಡನೆ ಕಿಟಕಿ ಮುಚ್ಚಿದೆ, ಎಲ್ಲಿ ಹಾರಿಹೋಗುತ್ತದೋ ಎಂದು. ಕೊಕ್ಕೇನು, ಕಂದು ರೆಕ್ಕೆಯೇನು, ಆ ಕಣ್ಣಿನ ಒಂದೇ ಒಂದು ಕಪ್ಪು ಹೊಲಿಗೆಯೇನು! ಒಂದು ಕುಂದಿಲ್ಲ, ಒಂದು ಕೊರತೆಯಿಲ್ಲ. ಫೆಲ್ಟ್ ಅಂಟಿಸಿ, ಮ್ಯಾಗ್ನೆಟ್ ಕೂರಿಸಿ, ಫ್ರಿಜ್ ಬಾಗಿಲಿನ ಸಿಂಹಾಸನಕ್ಕೆ ಏರಿಸಿಬಿಟ್ಟೆ. ಮಾಡು, ಇನ್ನೂ ಆರು ಮಾಡು!

ಕನ್ನಡಕದ ವಿಚಾರ ಕೇಳಿ ಬೇಜಾರಾಯಿತು. ನಿನ್ನ ಹಳೆಯ ನಂಬರಿನ ಚೀಟಿ ನನ್ನ ಹತ್ತಿರವೇ ಇದೆ. ಇಲ್ಲೇ ಮಾಡಿಸಿ ಕಳಿಸುತ್ತೇನೆ.

ಸೊಸೆ ಚೆನ್ನಾಗಿದ್ದಾಳಾ? ಅವಳ ಅಕ್ಷರ ಅಚ್ಚುಕಟ್ಟಾಗಿದೆ. ಅವಳಿಗೂ ಸೂಜಿ ಹಿಡಿಯುವ ಅಭ್ಯಾಸವಿದೆಯಾ? ಸುಮ್ಮನೆ ಕೇಳಿದೆ.

ನಿನ್ನ ತಮ್ಮ


ಮಾರ್ಚ್ 20

ತಮ್ಮಾ,

ನಿನ್ನ ಕಾಗದವನ್ನು ಸೊಸೆಯಿಂದ ಮೂರು ಸಲ ಓದಿಸಿದೆ. ನಾಲ್ಕನೆಯ ಸಲ ಕೇಳಿದ್ದಕ್ಕೆ "ಅತ್ತೆ, ನನ್ ಗಂಟಲೇನು ನಾಟಕದ ಗಂಟಲಾ? ಇಷ್ಟು ಭಲೆ ಭಲೆ ನನ್ ಕೈಲಾಗಲ್ಲ" ಅಂದಳು. ಹುಡುಗಿಗೆ ಬಾಯಿ ಬಂದಿದೆ. ಬರಲಿ.

ನೀನು ಸುಳ್ಳು ಹೇಳುವವನಲ್ಲ. ಚಿಕ್ಕಂದಿನಲ್ಲಿ ನನ್ನ ಒಂದು ಹೊಲಿಗೆ ಒಂದು ತೂತು ಆಚೆ ಹೋದರೆ ಬೀದಿಗೆಲ್ಲ ಕೇಳುವಂತೆ ಡಂಗುರ ಸಾರುತ್ತಿದ್ದೆ. ಅಂಥವನು ಕುಂದಿಲ್ಲ ಅಂದರೆ ಕುಂದಿಲ್ಲ. ಆ ದಿನ ನಾನು ಎರಡು ತುತ್ತು ಹೆಚ್ಚು ಉಂಡೆ.

ಈ ಸಲ ಎರಡಿವೆ, ಮೈನಾ ಮತ್ತು ಗೂಬೆ. ಗೂಬೆಯ ಕಣ್ಣನ್ನು ಎರಡು ಸಲ ಹಾಕಿ ಬಿಚ್ಚಿ ಮೂರನೆಯ ಸಲ ಹಾಕಿದ್ದು. ದಾರಕ್ಕೆ ಸ್ವಲ್ಪ ಸೋಪಿನ ವಾಸನೆ ಬರಬಹುದು. ಗಾಳಿಗಿಡು, ಹೋಗುತ್ತದೆ.

ಸೊಸೆಗೆ ಸೂಜಿಯೇ? ಅಂಗಿಯ ಗುಂಡಿ ಹಾಕಲು ಹೇಳಿದರೆ ಪಿನ್ನು ಚುಚ್ಚಿ ಕೊಡುತ್ತಾಳೆ. ಇದನ್ನೂ ಅವಳ ಕೈಯಲ್ಲೇ ಬರೆಸುತ್ತಿದ್ದೇನೆ. ಮುಖ ಊದಿಸಿಕೊಂಡು ಬರೆಯುತ್ತಿದ್ದಾಳೆ.

ಕನ್ನಡಕ ಕಳಿಸಬೇಡ. ಅವಸರವಿಲ್ಲ.

ಅಕ್ಕ


ಮಾರ್ಚ್ 27

ಅಕ್ಕಾ,

ಮೈನಾ ಬಂತು. ಗೂಬೆ ಬಂತು. ಎರಡೂ ಅದ್ಭುತ. ಬಾಗಿಲಿಗೆ ಏರಿಸಿದ್ದೇನೆ.

ಸೋಪಿನ ವಾಸನೆ ನಿಜವಾಗಿಯೂ ಇತ್ತು. ನಿನ್ನ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು? ನೀನಾ, ಸೊಸೆಯಾ? ಇದನ್ನೂ ಸುಮ್ಮನೆ ಕೇಳಿದೆ.

ಕನ್ನಡಕ ಈ ಕಾಗದದ ಜೊತೆಗಿದೆ. ಇನ್ನು ಮುಂದೆ ನಿನ್ನ ಕೈಯ ಅಕ್ಷರ ನೋಡಬಹುದು ಎಂದುಕೊಂಡಿದ್ದೇನೆ.

ನಿನ್ನ ತಮ್ಮ


ಮೇ 15

ತಮ್ಮಾ,

ಕನ್ನಡಕ ಸರಿಯಾಗಿದೆ. ಆದರೂ ಈ ಕಾಗದ ಸೊಸೆಯೇ ಬರೆಯಲಿ. ರೂಢಿಯಾಗಿಬಿಟ್ಟಿದೆ. ನಾನು ಮಂತ್ರಿಗೆ ಹೇಳಿ ಬರೆಸುವ ರಾಜನ ಹಾಗೆ ಕಾಲು ಚಾಚಿ ಕೂತಿರುತ್ತೇನೆ. ನಿನಗೆ ಇದು ಅರ್ಥವಾಗಬೇಕಲ್ಲ!

ನಾಲ್ಕು ಕಳಿಸಿದ್ದೇನೆ. ಮಿಂಚುಳ್ಳಿ, ಬಾತುಕೋಳಿ, ಪಾರಿವಾಳ, ಮರಕುಟಿಕ. ಏಳೂ ಮುಗಿದವು! ಕೊನೆಯದಕ್ಕೆ ಎಷ್ಟು ದಿನ ಹಿಡಿಯಿತು ಗೊತ್ತಾ? ಹನ್ನೊಂದು. ಹತ್ತೊಂಬತ್ತರಿಂದ ಹನ್ನೊಂದು! ನಿನಗೆ ಇದೊಂದು ದೊಡ್ಡ ಸಂಗತಿಯಲ್ಲದಿರಬಹುದು. ನಾನು ಮಾತ್ರ ಕೋಣೆಯಲ್ಲಿ ಒಬ್ಬಳೇ ನಕ್ಕೆ.

ಮುಂದಿನದು ಕೊಕ್ಕರೆ. ದೊಡ್ಡದು, ಒಂಟಿ ಕಾಲಲ್ಲಿ ನಿಂತದ್ದು. ಮೊದಲು ನನಗೆ ಅಷ್ಟು ಧೈರ್ಯವಿರಲಿಲ್ಲ. ನೀನು ಕುಂದಿಲ್ಲ ಅಂದೆಯಲ್ಲ, ಆ ಮಾತನ್ನು ಊರುಗೋಲು ಮಾಡಿಕೊಂಡು ಇಲ್ಲಿಯವರೆಗೆ ಬಂದಿದ್ದೇನೆ. ಕೊಕ್ಕರೆ ಮುಗಿಯಲಿ, ಆಮೇಲೆ ನಿನಗೆ ಒಂದು ವಿಷಯ ಹೇಳುವುದಿದೆ. ಈಗಲ್ಲ.

ಅಕ್ಕ


ಮೇ 22

ಅಕ್ಕಾ,

ಸಾಕು. ಈ ನಾಟಕಕ್ಕೆ ತೆರೆ ಎಳೆಯುತ್ತಿದ್ದೇನೆ. ನಲವತ್ತು ವರ್ಷ ರಂಗದ ಮೇಲೆ ನಿಂತವನ ಮುಂದೆ ನೀನು ವೇಷ ಕಟ್ಟಲು ಹೊರಟೆಯಾ?

ಗುಬ್ಬಿ ಬಂದ ದಿನವೇ ನನಗೆ ಗೊತ್ತಾಯಿತು. ಫೆಲ್ಟ್ ಅಂಟಿಸುವ ಮುಂಚೆ, ಬಟ್ಟೆಯನ್ನು ಹಾಗೇ ಅಂಗಡಿಗೆ ಒಯ್ದು ನಿನ್ನ ಕಿತ್ತಳೆ, ಬೆಕ್ಕುಗಳ ಪಕ್ಕ ಹಿಡಿದಾಗ ಅದೇ ದಾರ ಬೇರೆ ಬಣ್ಣವಾಗಿ ಕಂಡಿತು. ದೀಪ ಅದೇ, ದಾರ ಅದೇ, ಹೊಳಪು ಮಾತ್ರ ತಿರುವುಮುರುವು. ಅಂಗಡಿಯಮ್ಮ ಕೂಡ ಕೇಳಿದಳು: "ಏನ್ ಸೇನಾಪತಿಗಳೇ, ಈ ಗುಬ್ಬಿ ಯಾಕೋ ಬೇರೆ ಗೂಡಿಂದ ಬಂದ ಹಾಗಿದೆ?" ಹತ್ತಿರ ಹಿಡಿದು ನೋಡಿದೆ. ಮೇಲಿನ ಎಳೆ ಬಲಕ್ಕೆ ವಾಲಿತ್ತು! ಒಂದಲ್ಲ, ಹತ್ತಲ್ಲ, ಪ್ರತಿಯೊಂದು ಹೊಲಿಗೆ! ನೀನು ಕಣ್ಣು ಕಟ್ಟಿಕೊಂಡು ಹಾಕಿದರೂ ಬಲಕ್ಕೆ ವಾಲಿಸುವವಳಲ್ಲ. ಅಮ್ಮನ ಮಕ್ಕಳಲ್ಲಿ ಯಾರ ಕೈಯೂ ಹಾಗೆ ಹೋಗುವುದಿಲ್ಲ.

ಆಮೇಲೆ ಒಂದೊಂದೇ ಸಾಕ್ಷಿ ತಾನಾಗಿ ಬಂದು ಕಟಕಟೆಯಲ್ಲಿ ನಿಂತಿತು. ಅಕ್ಷರ ಸೊಸೆಯದು. ಸೋಪಿನ ವಾಸನೆ ಸೊಸೆಯದು. ಒಗೆಯುವ ಕಲ್ಲಿನಿಂದೆದ್ದು ಬಂದು, ಕೈ ಕೂಡ ಒರೆಸಿಕೊಳ್ಳದೆ ಹೊಲಿದದ್ದು. ನಾನು ಸುಮ್ಮನೆ ಒಂದು ಮಾತು ಕೇಳಿದ್ದಕ್ಕೆ, ಅವಳಿಗೆ ಗುಂಡಿ ಹಾಕಲೂ ಬಾರದು ಎಂದು ನೀನು ಒತ್ತಿ ಒತ್ತಿ ಹೇಳಿದೆ. ಕನ್ನಡಕ ಕೊಟ್ಟರೂ ನಿನ್ನ ಕೈಬರಹ ಬರಲಿಲ್ಲ. ನೀನು ಕಾಲು ಚಾಚಿ ಕೂತಿರುತ್ತೀಯ ಎಂದು ನೀನೇ ಬರೆದಿದ್ದೀಯ!

ಬೇಸರವಾಗಿದ್ದರೆ "ತಮ್ಮಾ, ನನಗೆ ಸಾಕಾಯಿತು" ಅನ್ನಬಹುದಿತ್ತು. ನಾನು ಗೋಂದಿನ ಡಬ್ಬಿ ಮುಚ್ಚಿಡುತ್ತಿದ್ದೆ. ಅದರ ಬದಲು ಬೇರೆಯವರ ಕೈಕೆಲಸಕ್ಕೆ ನಿನ್ನ ಹೆಸರಿಟ್ಟು ನನಗೆ ಕಳಿಸಿದೆ. ನನ್ನನ್ನು ಮಂಚದಿಂದ ಎಬ್ಬಿಸಿದ ಕೆಲಸ ನಿನಗೆ ಸೊಸೆಯ ತಲೆಗೆ ಕಟ್ಟುವ ಬಿಟ್ಟಿ ಚಾಕರಿಯಾಯಿತೇ?

ಕೇಳು. ಏಳನ್ನೂ ಬಿಚ್ಚಿದೆ. ಬಂದ ಬಂದ ಹಾಗೆ, ಒಂದೊಂದು ಹೊಲಿಗೆಯನ್ನೂ ಕತ್ತರಿಸಿ, ಕಿತ್ತು, ದಾರದ ಚೂರನ್ನು ಕಸಕ್ಕೆ ಹಾಕಿ, ಅದೇ ತೂತುಗಳಲ್ಲಿ ನಾನೇ ಕೂತು ಎಡಕ್ಕೆ ವಾಲಿಸಿ ಹಾಕಿದೆ. ಬಾಗಿಲಿನ ಮೇಲೆ ಇರುವುದು ನನ್ನ ಹಕ್ಕಿಗಳು. ಅದ್ಭುತ, ಅದ್ಭುತ ಎಂದು ಬರೆದದ್ದು ನಿನ್ನ ಮಾನ ಉಳಿಸಲು.

ಕೊಕ್ಕರೆ ಬೇಡ.

ತಮ್ಮ


ಮೇ 31

ಮಾವನವರಿಗೆ ನಮಸ್ಕಾರಗಳು.

ಈ ಕಾಗದವನ್ನು ಅತ್ತೆ ಹೇಳಿ ಬರೆಸಿದ್ದಲ್ಲ. ನಾನೇ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದರು. ಕಾಲು ಅಷ್ಟಿಷ್ಟು ಬಂದಿದೆ, ಗೋಡೆ ಹಿಡಿದು ನಡೆಯುತ್ತಾರೆ. ಬಲಗೈ ಬರಲಿಲ್ಲ. ನಿಮಗೆ ತಿಳಿಸುತ್ತೇವೆ ಎಂದು ನಾವಿಬ್ಬರೂ ಎಷ್ಟೋ ಹೇಳಿದೆವು. ಅತ್ತೆ ಕೇಳಲಿಲ್ಲ. "ಅವನು ಬಂದು ನನ್ ಮುಂದೆ ಕೂತು ಐದು ಅಂಕ ಅಳ್ತಾನೆ. ಆಮೇಲೆ ಮನೆಗೆ ಹೋಗಿ ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗ್ತಾನೆ. ಮೊದಲು ಕೈ ಒಂದು ದಾರಿಗೆ ಬರ್ಲಿ, ಹೇಳೋಣ" ಎಂದರು. ಕನ್ನಡಕ ಒಡೆದಿರಲಿಲ್ಲ.

ಆ ಏಳು ಹಕ್ಕಿಗಳನ್ನು ಅತ್ತೆ ಎಡಗೈಯಲ್ಲಿ ಹೊಲಿದರು. ಬಟ್ಟೆ ಬಿಗಿಯುವ ಕಸೂತಿ ರಿಂಗನ್ನು ಮೇಜಿನ ಅಂಚಿಗೆ ಬಿಗಿದು ಕೊಟ್ಟಿದ್ದೆವು. ಬಟ್ಟೆಯ ಮೇಲೊಮ್ಮೆ, ಕೆಳಗೊಮ್ಮೆ ಅದೇ ಕೈ ಹೋಗಬೇಕು. ದಾರ ಪೋಣಿಸಲು ಸೂಜಿಯನ್ನು ಹಿಡಿಯುವವರು ಬೇಕಲ್ಲ? ನಾನು ಹಿಡಿಯುತ್ತೇನೆ ಅಂದರೆ ಬಿಡುತ್ತಿರಲಿಲ್ಲ. ಸೋಪಿನ ಬಿಲ್ಲೆಗೆ ಸೂಜಿ ಚುಚ್ಚಿ ನಿಲ್ಲಿಸಿ, ತಾವೇ ಎಡಗೈಯಿಂದ ಪೋಣಿಸಿಕೊಳ್ಳುತ್ತಿದ್ದರು. ಗುಬ್ಬಿಯ ಮೊದಲ ದಿನ ಬೆಳಿಗ್ಗೆ ಕೂತು ಊಟದ ಹೊತ್ತಿಗೆ ಹಾಕಿದ್ದು ಆರು ಹೊಲಿಗೆ. ಎಡಗೈಗೆ ಎಳೆ ಬಲಕ್ಕೆ ವಾಲುವುದೇ ಸಲೀಸು. ತಿರುಗಿಸಲು ತುಂಬಾ ಒದ್ದಾಡಿದರು, ಆಗಲಿಲ್ಲ. "ಅವನ ಕಣ್ಣಿಗೆ ಬಿದ್ದೇ ಬೀಳುತ್ತೆ. ಬಿದ್ದರೆ ಕೇಳ್ತಾನೆ. ಕೇಳಿದ್ರೆ ಹೇಳ್ಬಿಡೋಣ" ಎಂದು ಕಳಿಸಿದರು. ನೀವು ಕುಂದಿಲ್ಲ ಎಂದು ಬರೆದಿರಿ.

ನಿಮ್ಮ ಕಾಗದಗಳನ್ನು ಓದಿ ಹೇಳುವುದು ನನ್ನ ಕೆಲಸ. ಮೇ ಇಪ್ಪತ್ತೆರಡರ ಕಾಗದವನ್ನು ಬೇರೆ ಏನಾದರೂ ಕಟ್ಟಿ ಓದೋಣ ಅಂದುಕೊಂಡೆ. "ಅಕ್ಕಾ, ಭಲೆ" ಎಂದು ಶುರು ಮಾಡಿದೆ. ಅತ್ತೆ ನನ್ನ ಮುಖ ನೋಡಿ, "ಅವನ ಭಲೆ ಹಂಗಿರಲ್ಲ, ಇದ್ದಿದ್ದನ್ನ ಓದು" ಎಂದರು. ಓದಿದೆ. ಏಳನ್ನೂ ಬಿಚ್ಚಿದೆ ಎಂಬ ಸಾಲನ್ನು ಮಾತ್ರ ಇನ್ನೊಂದು ಸಲ ಓದಿಸಿದರು. ಕೊಕ್ಕರೆಯ ಒಂದು ಕಾಲು ಆಗಿತ್ತು. ಅದನ್ನು ನನ್ನಿಂದ ರಿಂಗಿನಿಂದ ತೆಗೆಸಿ ಮಡಿಸಿಟ್ಟರು. ಅಂದಿನಿಂದ ಸೂಜಿ ಮುಟ್ಟಿಲ್ಲ, ಕಿಟಕಿಯ ಹತ್ತಿರ ಕೂತಿರುತ್ತಾರೆ.

ನನಗೆ ಗುಂಡಿ ಹಾಕಲು ಬರುವುದಿಲ್ಲ ಮಾವ. ಅದು ನಿಜ.

ನಿಮ್ಮ ಸೊಸೆ


ಜೂನ್ 4

ಅಕ್ಕಾ,

ಹೇಗೆ ಶುರು ಮಾಡಲಿ? ಸಾವಿರ ಜನರ ಮುಂದೆ ಮಾತು ಮರೆತವನಲ್ಲ ನಾನು. ನಾಲ್ಕು ಹಾಳೆ ಹರಿದಿದ್ದೇನೆ. ಬರೆದದ್ದೆಲ್ಲ ಯಾವುದೋ ಪಾತ್ರದ ಮಾತಿನ ಹಾಗೆ ಕೇಳುತ್ತಿದೆ.

ಸೊಸೆಯ ಕಾಗದ ಬಂದ ತಕ್ಷಣ ಅಂಗಡಿಗೆ ಓಡಿದೆ. ಹಕ್ಕಿಗಳನ್ನು ವಾಪಸು ಕೊಡು ಅಂದೆ. ಅಂಗಡಿಯಮ್ಮ "ನಾಲ್ಕು ಹೋದವು, ಜನಕ್ಕೆ ತುಂಬಾ ಇಷ್ಟ ಆಯ್ತು, ಖುಷಿ ಪಡಿ" ಅಂದಳು. ಮೂರು ಸಿಕ್ಕಿದವು. ತಂದು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೇನೆ. ಏನು ಪ್ರಯೋಜನ? ಇವುಗಳಲ್ಲಿ ನಿನ್ನದು ಒಂದು ಎಳೆಯೂ ಇಲ್ಲ. ಕಸ ಒಯ್ಯುವವನು ನಿನ್ನ ದಾರವನ್ನು ಎಂದೋ ಒಯ್ದ. ಗುಬ್ಬಿಯಲ್ಲಿ ಎಂಟುನೂರ ನಲವತ್ತು ಹೊಲಿಗೆಗಳಿದ್ದವು. ಮತ್ತೆ ಹಾಕುವಾಗ ಎಣಿಸಿದ್ದೆ. ನನಗೆ ಒಂದು ಹಗಲಿನ ಕೆಲಸ. ನಿನಗೆ ಹತ್ತೊಂಬತ್ತು ದಿನ.

ಗುಬ್ಬಿ ಬಂದ ದಿನ "ಅಕ್ಕಾ, ಎಳೆ ಯಾಕೆ ಬಲಕ್ಕೆ ವಾಲಿದೆ?" ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅದನ್ನು ಬಿಟ್ಟು ಒಂದು ಪುಟ ಭಲೆ ಬರೆದೆ. ನೀನು ಅದನ್ನು ಊರುಗೋಲು ಮಾಡಿಕೊಂಡೆ ಎಂದು ಬರೆದಾಗಲೂ ನನ್ನ ಕಿವಿಗೆ ಬಿದ್ದದ್ದು ನಿನ್ನ ಕಪಟವೇ. ನಾನೇ ನಿನಗೆ ಕೋಲು ಕೊಟ್ಟೆ, ನಾನೇ ನಡುದಾರಿಯಲ್ಲಿ ಕಿತ್ತುಕೊಂಡೆ.

ಆ ಹುಡುಗಿಯ ಕ್ಷಮೆಯನ್ನೂ ಕೇಳುತ್ತೇನೆ. ಅವಳಿಗೆ ಇದನ್ನು ಓದಿ ಹೇಳುವ ಶಿಕ್ಷೆ ಬೇರೆ.

ನಿನ್ನ ಉತ್ತರ ಬಂದ ದಿನದ ರೈಲಿಗೇ ಬರಲೇ? ಅಳುವುದಿಲ್ಲ. ಒಂದು ಅಂಕವೂ ಇಲ್ಲ. ಬಾಗಿಲ ಹೊರಗೆ ಕೂತಿರು ಅಂದರೆ ಹೊರಗೆ ಕೂತಿರುತ್ತೇನೆ. ಬಾ ಅನ್ನು ಸಾಕು.

ನಿನ್ನ ತಮ್ಮ


ಜುಲೈ 3

ತಮ್ಮಾ

ಇದು ನನ್ನ ಕೈ. ಎಡಗೈ. ಅಕ್ಷರ ಸೊಟ್ಟ. ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ.

ಈಗ ಬರಬೇಡ. ಸಿಟ್ಟಿಗಲ್ಲ. ನೀನು ಬಂದರೆ ನಾನು ನಿನ್ನನ್ನು ಸಮಾಧಾನ ಮಾಡಬೇಕು. ಅಷ್ಟು ಶಕ್ತಿ ಇಲ್ಲ.

ತಪ್ಪು ನನ್ನದೂ ಇದೆ. ನಾನು ಮುಚ್ಚಿಟ್ಟೆ.

ಒಂದು ಕೇಳುತ್ತೇನೆ. ಅಮ್ಮ ನಮ್ಮ ಹೊಲಿಗೆಯನ್ನು ಯಾವಾಗಲೂ ತಿರುಗಿಸಿ ಹಿಂಭಾಗ ನೋಡುತ್ತಿದ್ದಳು. "ಮುಂದೆ ನೋಡಿ ಮೆಚ್ಚೋಕೆ ಊರೆಲ್ಲ ಇದೆ. ಹಿಂದೆ ನೋಡೋಳು ನಾನೊಬ್ಬಳೇ" ಅನ್ನುತ್ತಿದ್ದಳು. ಮುಂದೆ ಎಳೆ ತಪ್ಪು ಕಡೆ ವಾಲುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಹಿಂಭಾಗಕ್ಕೆ ಜೀವ ತೇದೆ. ಒಂದು ಗಂಟಿಲ್ಲ. ಒಂದು ಎಳೆ ಅಡ್ಡ ಹಾದಿಲ್ಲ ಎಂದುಕೊಂಡಿದ್ದೇನೆ. ರಿಂಗು ಮೇಜಿಗೆ ಬಿಗಿದಿತ್ತು. ಒಂದು ಕೈಯಲ್ಲಿ ಬಿಚ್ಚಿ ತಿರುಗಿಸಲು ಆಗುತ್ತಿರಲಿಲ್ಲ. ಕೆಳಗೆ ಬೆರಳಾಡಿಸಿ ತಡವಿ ನೋಡಿದ್ದಷ್ಟೇ. ಮುಗಿದ ಮೇಲೆ ತಿರುಗಿಸಿ ನೋಡಲು ಧೈರ್ಯ ಬರಲಿಲ್ಲ, ಸೊಸೆ ಬಿಚ್ಚಿ ಹಾಗೇ ಪೊಟ್ಟಣ ಕಟ್ಟಿದಳು. ಸೊಸೆಗೆ ತೋರಿಸಿದರೆ ಎಲ್ಲಾ ಚೆನ್ನಾಗಿದೆ ಅನ್ನುತ್ತಾಳೆ. ಅವಳಿಗೆ ತಿಳಿಯದು.

ಬೆನ್ನು ಕಟ್ಟುವವನು ನೀನು. ಫೆಲ್ಟ್ ಅಂಟಿಸುವ ಮುಂಚೆ ಅದನ್ನು ಕೊನೆಯದಾಗಿ ನೋಡುವವನು ನೀನೊಬ್ಬನೇ.

ಹಿಂಭಾಗ ಹೇಗಿತ್ತು?

ಅಕ್ಕ


ಜುಲೈ 9

ಅಕ್ಕ,

ನೋಡಲಿಲ್ಲ.

ಬಟ್ಟೆಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಮುಂದಿನಿಂದಲೇ ಕತ್ತರಿ ಹಾಕಿ, ಚಿಮಟದಲ್ಲಿ ಕಿತ್ತೆ. ಸಿಟ್ಟಿನಲ್ಲಿದ್ದೆ. ಏಳರಲ್ಲಿ ಒಂದನ್ನೂ ತಿರುಗಿಸಿ ನೋಡಲಿಲ್ಲ.

ಚೆನ್ನಾಗಿತ್ತು ಎಂದು ಎರಡು ಸಲ ಬರೆದೆ. ಎರಡು ಸಲವೂ ಹರಿದೆ.

ತಮ್ಮ